ಕೀಲುಬೇನೆಯವರ ಜ್ವರವೂ ಹೃದಯದ ಕವಾಟವೂ



ಬೆಳಗಾವಿ ಜಿಲ್ಲೆಯ ತೆಂಕಣ ಮತ್ತು ಮೂಡಣ ಭಾಗಗಳಲ್ಲಿ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಊರುಗಳು ಒಂದಕ್ಕೊಂದು ನೆರೆಯಾಗಿ ನಿಂತಿವೆ. ಕಿತ್ತೂರಿನ ಹೆಸರನ್ನು 1824ರ ಸಮರವೂ ಚೆನ್ನಮ್ಮರಾಣಿಯೂ ನಾಡಿಗೆಲ್ಲ ತಿಳಿಸಿರುವರು. ಆಕೆಯ ಸಮಾಧಿಯಿರುವುದು ಬೈಲಹೊಂಗಲದಲ್ಲಿ. ಸವದತ್ತಿಯೆಂದೊಡನೆ ಎಲ್ಲಮ್ಮನ ಗುಡ್ಡವೂ ಹುಣ್ಣಿಮೆಯ ಜಾತ್ರೆಗಳೂ ನೆನಪಿಗೆ ಬರುವುವು. ರಾಮದುರ್ಗವು 1948ರವರೆಗೆ ಒಂದು ಸಂಸ್ಥಾನವಾಗಿದ್ದು, ಈಗಲೂ ಮಗ್ಗದ ಸದ್ದನ್ನು ಉಳಿಸಿಕೊಂಡಿರುವ ಊರು. ಇಷ್ಟೆಲ್ಲ ಇತಿಹಾಸವಿರುವ ಸೀಮೆಯನ್ನು ಕುರಿತು ಮಾತನಾಡಹೊರಟು, ನಾವು ಈ ಹೊತ್ತು ಒಂದು ಕಾಯಿಲೆಯನ್ನು ವಿಷಯವಾಗಿ ಆರಿಸಿಕೊಂಡಿದ್ದೇವೆ. ಅದೂ ಅಪರೂಪದ ಕಾಯಿಲೆ. ಅಪರೂಪವಾದುದನ್ನು ಎಲ್ಲರ ಮುಂದೆ ಹೇಳುವುದೇಕೆಂದು ಕೇಳಬಹುದು. ಈ ಕಾಯಿಲೆಯನ್ನು ಬೇಗ ಗುರುತಿಸಿದರೆ ವಾಸಿಮಾಡುವ ಉಪಾಯವುಂಟು. ಗುರುತಿಸದೆ ಬಿಟ್ಟರೆ ರೋಗಿಯು ಉಳಿಯುವುದು ಕಷ್ಟ. ಗುರುತಿಸುವ ಕೆಲಸವಾದರೋ ದೊಡ್ಡ ಆಸ್ಪತ್ರೆಯಲ್ಲಿ ಮೊದಲಾಗುವುದಿಲ್ಲ, ಮನೆಯ ಪಡಸಾಲೆಯಲ್ಲಿಯೂ ಊರ ವೈದ್ಯರ ಬಾಗಿಲಲ್ಲಿಯೂ ಮೊದಲಾಗುತ್ತದೆ.

ವಿಷಯವಿಷ್ಟೆ: ಬಹುಕಾಲದಿಂದ ಕೀಲುಗಳ ಉರಿಯೂತದಿಂದ ನರಳುತ್ತಿರುವವರಿಗೆ ಒಮ್ಮೊಮ್ಮೆ ಹೃದಯದ ಕವಾಟಕ್ಕೆ ಸೂಕ್ಷ್ಮಜೀವಿಗಳು ಅಂಟಿಕೊಂಡು ಜ್ವರ ಬರುವುದುಂಟು. ಆ ಜ್ವರವನ್ನು ಮನೆಯವರೂ ರೋಗಿಯೂ, ಒಮ್ಮೊಮ್ಮೆ ವೈದ್ಯರೂ, “ಇದು ಸಂದಿನ ಬೇನೆಯದೇ ಜ್ವರ” ಎಂದು ತಿಳಿದು ತಿಂಗಳುಗಟ್ಟಲೆ ಸುಮ್ಮನಿರುವುದೂ ಉಂಟು.

ಮೊದಲು ಕೀಲುಬೇನೆಯೆಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ಜನರು ವಾಯು, ಸಂಧಿವಾತ, ಸಂದು ಹಿಡಿಯುವುದು ಎಂಬ ಹೆಸರುಗಳಿಂದ ಕರೆಯುವುದು ಒಂದು ರೋಗವನ್ನಲ್ಲ, ಹಲವನ್ನು. ವಯಸ್ಸಾದಂತೆ ಮೊಣಕಾಲಿನ ಮೃದ್ವಸ್ಥಿ ಸವೆದು ನೋಯುವುದು ಒಂದು ಬಗೆ. ಎಲ್ಲಮ್ಮನ ಗುಡ್ಡವನ್ನೇರುವ ಮುದುಕಿಯರಲ್ಲಿ ಮೊಣಕಾಲನ್ನು ಹಿಡಿದುಕೊಂಡು ಕೂಡುವವರ ನೋವು ಬಹುಮಟ್ಟಿಗೆ ಈ ಬಗೆಯದು. ಅದರ ಮಾತು ಇಲ್ಲಿ ಬೇಡ. ನಾವು ಹೇಳುತ್ತಿರುವುದು ಶರೀರದ ರಕ್ಷಣಾಶಕ್ತಿಯೇ ದಾರಿ ತಪ್ಪಿ ತನ್ನ ಕೀಲುಗಳ ಮೇಲೆಯೇ ಬೀಳುವ ರೋಗಗಳನ್ನು. ಇವುಗಳಲ್ಲಿ ಮುಖ್ಯವಾದುದು ರುಮಟಾಯ್ಡ್ ಸಂಧಿವಾತ. ಎರಡು ಕೈಗಳ ಬೆರಳ ಸಂದುಗಳೂ ಮಣಿಕಟ್ಟುಗಳೂ ಒಟ್ಟಿಗೆ ಊದಿಕೊಳ್ಳುವುವು, ಬೆಳಗ್ಗೆ ಎದ್ದರೆ ಗಂಟೆಗಟ್ಟಲೆ ಕೈ ಬಿಗಿದಿರುವುದು, ಹೊತ್ತೇರಿದಂತೆ ಸಡಿಲವಾಗುವುದು. ವಯಸ್ಕರಲ್ಲಿ ಇನ್ನೂರು ಜನಕ್ಕೆ ಒಬ್ಬರಿಬ್ಬರಿಗೆ ಇದು ಇರುವುದೆಂದು ಲೆಕ್ಕ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಮಾಧವಕರನ ನಿದಾನಗ್ರಂಥದಲ್ಲಿ ಆಮವಾತವೆಂಬ ಹೆಸರಿನಿಂದ ಒಂದು ರೋಗವನ್ನು ಹೇಳಿದೆ. ಅದರ ನೋವು ಚೇಳು ಕುಟುಕಿದಂತಿರುವುದೆಂದೂ, ಹೃದಯವನ್ನು ಹಿಡಿದಂತಾಗುವುದೂ ಅದರಲ್ಲಿ ಉಂಟೆಂದೂ ಆತನು ಬರೆದಿರುವನು. ಇಂದಿನ ಯಾವ ರೋಗಕ್ಕೆ ಅದು ಸರಿಯಾಗಿ ಹೊಂದುವುದೆಂಬುದು ಪಂಡಿತರ ಚರ್ಚೆಗೆ ಸೇರಿದ್ದು. ಆದರೆ ಕೀಲಿನ ರೋಗದಲ್ಲಿ ಹೃದಯದ ಕಡೆಗೂ ಕಣ್ಣಿಟ್ಟಿರಬೇಕೆಂಬ ಎಚ್ಚರವು ನಮ್ಮವರಿಗೆ ಹೊಸದಲ್ಲವೆಂಬಷ್ಟನ್ನು ಹೇಳಬಹುದು.

ಇಲ್ಲಿ ಹೆಸರಿನ ಒಂದು ಗೊಂದಲವನ್ನು ಪರಿಹರಿಸಿಬಿಡುವುದು ಒಳ್ಳೆಯದು. ರುಮ್ಯಾಟಿಕ್ ಜ್ವರವೆಂಬ ಮತ್ತೊಂದು ಕಾಯಿಲೆಯುಂಟು. ಅದು ಐದರಿಂದ ಹದಿನೈದು ವರ್ಷದೊಳಗಣ ಮಕ್ಕಳಿಗೆ, ಗಂಟಲುಬೇನೆಯು ಬಂದು ಹೋದ ಎರಡು ಮೂರು ವಾರಗಳ ಮೇಲೆ ತೋರುವುದು. ಕೀಲಿನಿಂದ ಕೀಲಿಗೆ ನೋವು ಹಾರುತ್ತ ಹೋಗಿ, ಕೆಲವು ವಾರಗಳಲ್ಲಿ ಕೀಲುಗಳು ಸಂಪೂರ್ಣವಾಗಿ ಸರಿಯಾಗುವುವು. ಹೃದಯದ ಕವಾಟದ ಮೇಲೆ ಮಾತ್ರ ಕಲೆ ಉಳಿದುಬಿಡುವುದು. ಹೆಸರು ಹತ್ತಿರವಾದರೂ ಇದು ರುಮಟಾಯ್ಡ್ ಸಂಧಿವಾತವಲ್ಲ. ಆದರೆ ನಮ್ಮ ದೇಶದಲ್ಲಿ ಕೆಟ್ಟ ಕವಾಟಗಳಿಗೆ ಇದು ಬಹುದೊಡ್ಡ ಕಾರಣ. ಕೆಟ್ಟ ಕವಾಟವೇ ಸೂಕ್ಷ್ಮಜೀವಿಗಳಿಗೆ ಸುಲಭವಾದ ನೆಲೆ. ಬಾಲ್ಯದಲ್ಲಿ ಈ ಜ್ವರ ಬಂದಿದ್ದವಳೊಬ್ಬಳಿಗೆ ನಲವತ್ತರಲ್ಲಿ ರುಮಟಾಯ್ಡ್ ಸಂಧಿವಾತ ಬಂದರೆ, ಅವಳ ಅಪಾಯವು ಇಮ್ಮಡಿಯಾಯಿತೆಂದೇ ತಿಳಿಯಬೇಕು. ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಿಕೊಳ್ಳಲು ಹೇಳಿದ್ದ ಮಗುವು ನೋವು ಹೋಯಿತೆಂದು ಅದನ್ನು ಬಿಟ್ಟುಬಿಡುವುದು ಹಳ್ಳಿಗಳಲ್ಲಿ ಅಪೂರ್ವವಲ್ಲ. ನೋವು ಹೋದುದಕ್ಕೂ ಸೂಜಿಯನ್ನು ಬಿಡುವುದಕ್ಕೂ ಸಂಬಂಧವಿಲ್ಲ.

ಇನ್ನು ಕವಾಟದ ಮಾತು. ಹೃದಯದಲ್ಲಿ ನಾಲ್ಕು ಕವಾಟಗಳಿವೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಇವು ತೆರೆದು ಮುಚ್ಚಿ, ರಕ್ತವು ಮುಂದಕ್ಕಲ್ಲದೆ ಹಿಂದಕ್ಕೆ ಹೋಗದಂತೆ ನೋಡಿಕೊಳ್ಳುವುವು. ಇಷ್ಟು ದುಡಿಯುವ ಈ ತೆಳ್ಳನೆಯ ಪರದೆಗಳಿಗೆ ಅವುಗಳದೇ ಆದ ರಕ್ತನಾಳಗಳು ಬಹಳ ಕಡಿಮೆ. ಆದಕಾರಣ ಒಂದು ಸಲ ಸೂಕ್ಷ್ಮಜೀವಿಯು ಅಲ್ಲಿ ನೆಲೆಸಿತೆಂದರೆ, ರಕ್ತದ ಬಿಳಿಯ ಕಣಗಳೆಂಬ ಕಾವಲುಗಾರರು ಅದನ್ನು ಒಳಗಿನಿಂದ ಹೋಗಿ ಹಿಡಿಯುವಂತಿಲ್ಲ. ಒರಟಾದ ಕವಾಟದ ಮೇಲೆ ರಕ್ತದ ಕಿರುಕಣಗಳೂ ನಾರೂ ಸೇರಿ ಸಣ್ಣ ಹೆಪ್ಪಾಗುವುದು. ಹಲ್ಲಿನ ಬುಡದಿಂದಲೋ ಚರ್ಮದ ಗಾಯದಿಂದಲೋ ರಕ್ತಕ್ಕಿಳಿದ ಜೀವಿಯು ಆ ಹೆಪ್ಪಿನಲ್ಲಿ ಅವಿತುಕೊಳ್ಳುವುದು. ಅದರ ಮೇಲೆ ಮತ್ತೊಂದು ಪದರ ಹೆಪ್ಪು ಕಟ್ಟುವುದು. ಹೀಗೆ ಗೋಡೆಯ ಬಿರುಕಿನಲ್ಲಿ ಪಾಚಿ ಬೆಳೆದಂತೆ ಕವಾಟದಂಚಿನಲ್ಲಿ ಒಂದು ಬೆಳವಣಿಗೆ ತೂಗಾಡತೊಡಗುವುದು. ಅದರ ಚೂರುಗಳು ಕಳಚಿ ರಕ್ತದೊಡನೆ ಹರಿದು ಮೆದುಳಿಗೆ ಹೋದರೆ ಪಾರ್ಶ್ವವಾಯು, ಮೂತ್ರಪಿಂಡಕ್ಕೆ ಹೋದರೆ ಅಲ್ಲಿಯ ಕೇಡು. ಕವಾಟವೇ ತೂತಾದರೆ ರಕ್ತವು ಹಿಂದಕ್ಕೆ ನುಗ್ಗಿ, ರೋಗಿಗೆ ಮಲಗಿದರೆ ಉಸಿರು ನಿಲ್ಲದಂತಾಗುವುದು. ವೈದ್ಯರು ಇದನ್ನು ಎಂಡೋಕಾರ್ಡೈಟಿಸ್ ಎನ್ನುವರು. ಲಕ್ಷ ಜನಸಂಖ್ಯೆಗೆ ವರ್ಷದಲ್ಲಿ ಮೂರರಿಂದ ಹತ್ತು ಮಂದಿಗೆ ಬರುವುದೆಂದು ಅನೇಕ ದೇಶಗಳ ಲೆಕ್ಕಗಳು ಹೇಳುವುವು.

ವಿಲಿಯಂ ಆಸ್ಲರ್ ಎಂಬ ಪ್ರಸಿದ್ಧ ವೈದ್ಯನು 1885ರಲ್ಲಿ ಲಂಡನಿನಲ್ಲಿ ಇದನ್ನೇ ಕುರಿತು ಉಪನ್ಯಾಸಗಳನ್ನು ಕೊಟ್ಟನು. ಆಗ ಇದನ್ನು ಹೆಸರಿಸಬಹುದಾಗಿತ್ತೇ ಹೊರತು ಗುಣಪಡಿಸುವಂತಿರಲಿಲ್ಲ. ಆಸ್ಟ್ರಿಯದ ಸಂಗೀತಗಾರ ಗುಸ್ತಾವ್ ಮಾಹ್ಲರನಿಗೆ 1911ರಲ್ಲಿ ನ್ಯೂಯಾರ್ಕಿನಲ್ಲಿ ಜ್ವರ ಬಿಡದಿರಲು, ಅಲ್ಲಿಯ ವೈದ್ಯರು ರಕ್ತವನ್ನು ತೆಗೆದು ಸಾಕಿ ನೋಡಿ, ಅದರಲ್ಲಿ ಸ್ಟ್ರೆಪ್ಟೊಕಾಕಸ್ ಜೀವಿಯನ್ನು ಕಂಡರು. ರೋಗವು ನಿಶ್ಚಯವಾಯಿತು, ಮದ್ದಿರಲಿಲ್ಲ. ಅದೇ ವರ್ಷ ಮೇ ತಿಂಗಳಿನಲ್ಲಿ ವಿಯೆನ್ನಾದಲ್ಲಿ ಆತನು ತೀರಿಕೊಂಡನು. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆಯೇ ಈ ರೋಗದಿಂದ ಜನ ಬದುಕಿ ಎದ್ದುಬರುವುದು ವಾಡಿಕೆಯಾಯಿತು. ಈಗಲೂ ಆಸ್ಪತ್ರೆ ಸೇರಿದವರಲ್ಲಿ ಐದಕ್ಕೆ ಒಬ್ಬರಷ್ಟು ಮಂದಿ ಉಳಿಯುವುದಿಲ್ಲ. ಅದರಲ್ಲಿ ಒಂದು ಪಾಲು ತಡವಾಗಿ ಬಂದುದರ ಫಲ.

ಕೀಲುಬೇನೆಯವರಿಗೂ ಇದಕ್ಕೂ ನಂಟು ಹೇಗೆಂದರೆ, ಅದು ಒಂದೇ ಎಳೆಯದಲ್ಲ. ರುಮಟಾಯ್ಡ್ ರೋಗವು ಬೆರಳಲ್ಲಿಯೇ ನಿಲ್ಲದೆ ಕೆಲವರಲ್ಲಿ ಕವಾಟಗಳನ್ನು ದಪ್ಪವಾಗಿಸುವುದು, ಅವುಗಳ ಮೇಲೆ ಸಣ್ಣ ಗಂಟುಗಳನ್ನು ಎಬ್ಬಿಸುವುದು. ಬಹುಮಂದಿಗೆ ಇದರಿಂದ ತೊಂದರೆ ತಿಳಿಯುವುದೇ ಇಲ್ಲ. ಆದರೂ ನುಣುಪಾಗಿದ್ದ ಜಾಗ ಒರಟಾಯಿತು. ಮುಂದೆ, ಈ ರೋಗವನ್ನು ಅಡಗಿಸುವ ಮೆಥೊಟ್ರೆಕ್ಸೇಟ್, ಪ್ರೆಡ್ನಿಸೊಲೋನ್, ಈಚಿನ ಬಯೊಲಾಜಿಕ್ ಸೂಜಿಮದ್ದುಗಳು ಶರೀರದ ರಕ್ಷಣಾಶಕ್ತಿಯನ್ನು ತಗ್ಗಿಸಿಯೇ ಕೆಲಸ ಮಾಡುವುವು. ಮನೆಯೊಳಗೆ ಬಡಿದಾಡುವ ಕಾವಲುಗಾರನ ಕೈಯ ಕೋಲನ್ನು ಕಿತ್ತುಕೊಂಡರೆ ಮನೆಯಲ್ಲಿ ಶಾಂತಿಯಾಗುವುದು ನಿಜ. ಹೊರಗಿನ ಕಳ್ಳನಿಗೂ ಅಷ್ಟು ಧೈರ್ಯ ಬರುವುದು. ಇದನ್ನು ಕೇಳಿ ಯಾರೂ ತಮ್ಮ ಮಾತ್ರೆಗಳನ್ನು ಬಿಸಾಡಬಾರದು. ಈ ಮದ್ದುಗಳಿಂದ ಕೈ ಸೊಟ್ಟಗಾಗುವುದು ತಪ್ಪಿ ಸಾವಿರಾರು ಮಂದಿ ದುಡಿದು ತಿನ್ನುತ್ತಿದ್ದಾರೆ. ಕವಾಟದ ಸೋಂಕು ಬರುವುದು ಎಲ್ಲೋ ಒಬ್ಬರಿಗೆ. ನಾವು ಅಂಜಬೇಕಾದುದು ವೈದ್ಯರು ಬರೆದುಕೊಟ್ಟ ಮಾತ್ರೆಗಲ್ಲ. ಸಂತೆಯಲ್ಲಿ ಹೆಸರೂ ಚೀಟಿಯೂ ಇಲ್ಲದೆ ಮಾರುವ, ಎರಡೇ ದಿನಗಳಲ್ಲಿ ನೋವೆಲ್ಲ ಮಾಯವಾಯಿತೆನ್ನಿಸುವ ಪುಡಿಗೆ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡನ್ನು ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಎಷ್ಟು ಬೆರೆಸಿದೆಯೆಂಬುದು ಮಾರುವವನಿಗೂ ಗೊತ್ತಿರದು.

ಈ ಮದ್ದುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸ್ಟೀರಾಯ್ಡ್ ಸೋಂಕಿಗೆ ದಾರಿ ಮಾಡುವುದಲ್ಲದೆ ಸೋಂಕಿನ ಗುರುತನ್ನೂ ಮುಚ್ಚಿಬಿಡುವುದು. ಮತ್ತೊಬ್ಬರಿಗೆ ನೂರಮೂರು ಡಿಗ್ರಿ ಏರಬೇಕಾದ ಜ್ವರ ಈ ರೋಗಿಗೆ ತೊಂಬತ್ತೊಂಬತ್ತೂವರೆಯಲ್ಲಿ ನಿಂತಿರುವುದು. ಆದಕಾರಣ ಕೀಲುಬೇನೆಯವರ ಸಣ್ಣ ಜ್ವರವನ್ನು ಸಣ್ಣದೆಂದು ಅಳೆಯತಕ್ಕದ್ದಲ್ಲ.

ಇದರ ವಿಪರ್ಯಾಸವೂ ಒಂದುಂಟು, ವೈದ್ಯರನ್ನೇ ಮೋಸಗೊಳಿಸುವಂಥದು. ಕವಾಟದ ಸೋಂಕು ತಾನಾಗಿಯೇ ಕೀಲುನೋವನ್ನೂ ಬೆನ್ನುನೋವನ್ನೂ ತರುವುದು. ಅಷ್ಟೇ ಅಲ್ಲ. ರುಮಟಾಯ್ಡ್ ಸಂಧಿವಾತವನ್ನು ಗುರುತಿಸಲು ರಕ್ತದಲ್ಲಿ ನೋಡುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ವಸ್ತುವು, ಕೀಲುರೋಗವೇ ಇಲ್ಲದ ಕವಾಟಸೋಂಕಿನಲ್ಲಿಯೂ, ವಿಶೇಷವಾಗಿ ಹಲವು ವಾರ ಹಳಸಿದ ಸೋಂಕಿನಲ್ಲಿ, ಎಷ್ಟೋ ಮಂದಿಗೆ ಕಂಡುಬರುವುದು. 1994ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದವರು ಕವಾಟದ ಸೋಂಕನ್ನು ನಿರ್ಣಯಿಸಲು ಗೊತ್ತುಮಾಡಿದ ಲಕ್ಷಣಗಳಲ್ಲಿ ಇದನ್ನೂ ಒಂದು ಸಣ್ಣ ಸಾಕ್ಷಿಯೆಂದು ಸೇರಿಸಿರುವರು. ಆದುದರಿಂದ ಜ್ವರ, ಕೀಲುನೋವು, ರಕ್ತದಲ್ಲಿ ಈ ಫ್ಯಾಕ್ಟರ್ ಮೂರೂ ಇದ್ದವೆಂದು ಕಣ್ಮುಚ್ಚಿ ಸಂಧಿವಾತದ ಮದ್ದನ್ನು ಕೊಟ್ಟರೆ, ಉರಿಯುವ ಮನೆಯ ಬಾವಿಗೆ ಮುಚ್ಚಳ ಹಾಕಿದಂತಾದೀತು. ಸ್ಟೆತಾಸ್ಕೋಪನ್ನು ಎದೆಯ ಮೇಲಿಟ್ಟು ಹೊಸ ಮರ್ಮರಶಬ್ದವನ್ನು ಕೇಳುವ ಎರಡು ನಿಮಿಷದ ಕೆಲಸವು ಇಲ್ಲಿ ಬಹಳ ಬೆಲೆಯುಳ್ಳದ್ದು.

ಇಷ್ಟನ್ನು ಬರಿಯ ಮಾತಿನಲ್ಲಿ ಹೇಳಿದರೆ ಮನಸ್ಸಿಗೆ ಹತ್ತದು. ಯಾರೆಂದು ಗೊತ್ತಿಲ್ಲದ ಒಬ್ಬಳನ್ನು ಕಲ್ಪಿಸಿಕೊಳ್ಳೋಣ. ರಾಮದುರ್ಗದಲ್ಲಿ ಮಗ್ಗದ ಮನೆಯವಳು, ವಯಸ್ಸು ನಲವತ್ತೈದು. ಎಂಟು ವರ್ಷಗಳಿಂದ ಬೆರಳ ಸಂದುಗಳ ರೋಗ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನವೂ ಸ್ವಲ್ಪ ಸ್ಟೀರಾಯ್ಡ್. ಲಾಳಿಯನ್ನು ಹಿಡಿಯಲಾರದೆ ಕಂಡಿಕೆ ಸುತ್ತುವ ಕೆಲಸಕ್ಕೆ ಇಳಿದಿದ್ದಾಳೆ. ಮನೆಯ ಹಿಂದೆ ಎರಡು ಆಡುಗಳುಂಟು. ಕಾರ್ತಿಕದಲ್ಲಿ ಸಂಜೆಯ ಹೊತ್ತು ಮೈ ಬೆಚ್ಚಗಾಗತೊಡಗಿತು. ರಾತ್ರಿ ಬೆವರು, ಊಟ ಸೇರದು. ಊರಲ್ಲಿ ಸೂಜಿ ಹಾಕಿಸಿದರು, ಐದು ದಿನದ ಗುಳಿಗೆ ತಿಂದಳು, ಜ್ವರ ಇಳಿಯಿತು. ಹತ್ತು ದಿನ ಬಿಟ್ಟು ಮತ್ತೆ ಬಂತು. ಮತ್ತೆ ಸೂಜಿ, ಮತ್ತೆ ಇಳಿತ. ಮೂರನೆಯ ಸಲ ಬೆನ್ನೂ ಒಂದು ಮೊಣಕಾಲೂ ವಿಶೇಷವಾಗಿ ನೋಯಲು, “ರೋಗ ಬಲಿತಿದೆ” ಎಂದು ಸ್ಟೀರಾಯ್ಡ್ ಹೆಚ್ಚಿಸಿದರು. ಸಂಕ್ರಾಂತಿಯ ಹೊತ್ತಿಗೆ ಎರಡು ಮೆಟ್ಟಿಲು ಹತ್ತಿದರೆ ಉಬ್ಬಸ. ಆಗ ಬೆಳಗಾವಿಗೆ ಒಯ್ದರು. ಹೃದಯದ ಎಕೋ ಚಿತ್ರದಲ್ಲಿ ಕವಾಟದ ಮೇಲಣ ಬೆಳವಣಿಗೆ ಕಣ್ಣಿಗೆ ಬಿತ್ತು. ಆದರೆ ಅದು ಯಾವ ಜೀವಿಯೆಂದು ತಿಳಿಯಲು ರಕ್ತವನ್ನು ಸಾಕಿದರೆ ಏನೂ ಬೆಳೆಯಲಿಲ್ಲ. ಏಕೆಂದರೆ ಮೂರು ತಿಂಗಳು ಬಿಡಿಬಿಡಿಯಾಗಿ ಕೊಟ್ಟ ಮದ್ದು ಜೀವಿಯನ್ನು ಕೊಲ್ಲಲಾರದೆ ಅಡಗಿಸಿತ್ತು. ಕವಾಟದಲ್ಲಿ ಜೀವಂತ, ಸೀಸೆಯಲ್ಲಿ ಮೌನ.

ಈ ಕಥೆಯಲ್ಲಿ ಯಾರೂ ಕೆಟ್ಟವರಲ್ಲ. ಜ್ವರ ಬಂದವಳಿಗೆ ಸೂಜಿ ಹಾಕಿದವರು ದಯೆಯಿಂದಲೇ ಹಾಕಿದರು. ತಪ್ಪಿದುದು ಒಂದೇ, ಕ್ರಮ. ಮದ್ದಿಗಿಂತ ಮುಂಚೆ ರಕ್ತವನ್ನು ತೆಗೆಯಬೇಕಾಗಿತ್ತು.

ಹಾಗಾದರೆ ಆ ಜೀವಿಗಳು ಯಾವುವು? ಬಹುಪಾಲು ಸೋಂಕುಗಳು ಚರ್ಮದ ಮೇಲಿರುವ ಸ್ಟಾಫಿಲೊಕಾಕಸ್‌ನಿಂದಲೂ ಬಾಯಲ್ಲಿರುವ ಸ್ಟ್ರೆಪ್ಟೊಕಾಕಸ್‌ನಿಂದಲೂ ಬರುವುವು. ಇವನ್ನು ಸಾಕುವುದು ಕಷ್ಟವಲ್ಲ; ಎರಡು ಮೂರು ದಿನಗಳಲ್ಲಿ ಸೀಸೆಯಲ್ಲಿ ಬೆಳೆದು ತೋರುವುವು. ಅಪರೂಪದವುಗಳದೇ ಬೇರೆ ಮಾತು. ಆಡು ಕುರಿಗಳ ಈ ಸೀಮೆಯಲ್ಲಿ ನಾವು ಮೊದಲು ನೆನೆಯಬೇಕಾದುದು ಬ್ರುಸೆಲ್ಲಾ.

ಬ್ರುಸೆಲ್ಲಾದ ಇತಿಹಾಸವು ಮಾಲ್ಟಾ ದ್ವೀಪದಲ್ಲಿ ಮೊದಲಾಗುತ್ತದೆ. ಅಲ್ಲಿದ್ದ ಬ್ರಿಟಿಷ್ ಸಿಪಾಯಿಗಳಿಗೆ ತಿಂಗಳುಗಟ್ಟಲೆ ಏರಿಳಿಯುವ ಜ್ವರ ಬರುತ್ತಿತ್ತು. ಡೇವಿಡ್ ಬ್ರೂಸ್ ಎಂಬ ಸೈನ್ಯವೈದ್ಯನು ಸತ್ತ ಸಿಪಾಯಿಗಳ ಗುಲ್ಮದಿಂದ ಜೀವಿಯನ್ನು ಬೇರ್ಪಡಿಸಿ 1887ರಲ್ಲಿ ಪ್ರಕಟಿಸಿದನು. ಆದರೆ ಅದು ಎಲ್ಲಿಂದ ಬರುವುದೆಂಬುದು ಹದಿನೆಂಟು ವರ್ಷ ಯಾರಿಗೂ ಹೊಳೆಯಲಿಲ್ಲ. 1905ರಲ್ಲಿ ತೆಮಿಸ್ಟೋಕ್ಲಿಸ್ ಜಮ್ಮಿಟ್ ಎಂಬ ಮಾಲ್ಟಾದ ವೈದ್ಯನು, ನೋಡಲು ಪೂರ್ಣ ಆರೋಗ್ಯವಾಗಿದ್ದ ಆಡುಗಳಲ್ಲಿಯೇ ಆ ಸೋಂಕು ಇರುವುದನ್ನು ತೋರಿಸಿದನು. ಮರುವರ್ಷ ಸೈನಿಕರಿಗೆ ಆಡಿನ ಹಸಿಹಾಲನ್ನು ನಿಲ್ಲಿಸಲು, ಪಾಳೆಯದಲ್ಲಿ ಜ್ವರವು ಇದ್ದಕ್ಕಿದ್ದಂತೆ ಇಳಿದುಹೋಯಿತು. ಔಷಧವಿಲ್ಲದೆ, ಒಂದು ಆಜ್ಞೆಯಿಂದ!

ಮಾಲ್ಟಾ ದೂರವಾಯಿತೆನ್ನುವವರಿಗೆ ವಿಜಯಪುರ ಹತ್ತಿರವಿದೆ. ಅಲ್ಲಿಯ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜಿನಲ್ಲಿ ಡಾಕ್ಟರ್ ಬಿ. ಜಿ. ಮಂಟೂರ ಮತ್ತು ಅವರ ಸಂಗಡಿಗರು ಈ ರೋಗವನ್ನು ವರ್ಷಾನುವರ್ಷ ಹುಡುಕಿ, 2004ರಲ್ಲಿ ಮಕ್ಕಳ ವಿಷಯವನ್ನೂ, 2006ರಲ್ಲಿ ಹದಿನಾರು ವರ್ಷ ತಾವು ಕಂಡ ದೊಡ್ಡವರ ವಿಷಯವನ್ನೂ ಪ್ರಕಟಿಸಿದರು. ಹಸಿಹಾಲನ್ನು ಕುಡಿದವರು, ದನ ಆಡು ಕುರಿಗಳೊಡನೆ ಬಾಳುವವರು, ಜ್ವರದೊಡನೆ ಕೀಲುನೋವು ಹೊತ್ತು ಬಂದವರು ಅವರಿಗೆ ಧಾರಾಳವಾಗಿ ದೊರೆತರು. ಹುಡುಕಿದ ಕಡೆ ಸಿಕ್ಕಿತು. ಹುಡುಕದ ಕಡೆ ಇಲ್ಲವೆನ್ನುವುದಕ್ಕೆ ಆಧಾರವೇನು? ವಿಜಯಪುರದ ಆಡಿಗೂ ಸವದತ್ತಿ, ರಾಮದುರ್ಗಗಳ ಆಡಿಗೂ ನಡುವೆ ಬೇಲಿಯಿಲ್ಲ. ಕುರಿಹಿಂಡುಗಳು ಹುಲ್ಲು ನೀರುಗಳನ್ನು ಅರಸಿ ಜಿಲ್ಲೆಯಿಂದ ಜಿಲ್ಲೆಗೆ ನಡೆಯುವುವು.

ಬ್ರುಸೆಲ್ಲಾ ಬಹಳ ಸಲ ಸೊಂಟದ ಕೀಲು, ಬೆನ್ನು, ಮೊಣಕಾಲುಗಳನ್ನು ಹಿಡಿದು ಸಂಧಿವಾತದ ವೇಷದಲ್ಲಿಯೇ ಬರುವುದು. ಕವಾಟಕ್ಕೆ ಏರುವುದು ನೂರು ರೋಗಿಗಳಲ್ಲಿ ಒಬ್ಬಿಬ್ಬರಿಗೆ ಮಾತ್ರ. ಆದರೆ ಈ ರೋಗದಿಂದ ಆಗುವ ಸಾವುಗಳಲ್ಲಿ ಹೆಚ್ಚಿನವು ಆ ಒಬ್ಬಿಬ್ಬರವೇ. ಹಾಲನ್ನು ಉಕ್ಕುವಂತೆ ಕಾಸಿದರೆ ಜೀವಿ ಸಾಯುವುದು. ನಮ್ಮ ಮನೆಗಳಲ್ಲಿ ಹಾಲು ಕಾಸುವ ಪದ್ಧತಿಯೇನೋ ಇದೆ. ಆದರೆ ಆಡಿನ ನೊರೆಹಾಲು ಔಷಧವೆಂದು ಮಕ್ಕಳಿಗೂ ಕೃಶರಾದವರಿಗೂ ಹಸಿಯಾಗಿ ಕೊಡುವ ನಂಬಿಕೆಯೂ ಇದೆ. ಕೀಲುಬೇನೆಯವರು ಕೃಶರೇ ಅಲ್ಲವೆ? ಹಾಲಿಗಿಂತಲೂ ಹೆಚ್ಚಿನ ಅಪಾಯ ಕೊಟ್ಟಿಗೆಯಲ್ಲಿದೆ. ಗಬ್ಬದ ಆಡು ಕಂದು ಹಾಕಿದಾಗ ಆ ಮಾಸನ್ನು ಬರಿಗೈಯಿಂದ ಎತ್ತುವುದು ಸಾಮಾನ್ಯವಾಗಿ ಮನೆಯ ಹೆಂಗಸರ ಕೆಲಸ. ಬೆರಳಲ್ಲಿ ಸಣ್ಣ ಗೀರಿದ್ದರೂ ಸಾಕು. ಕೈಗೆ ದಪ್ಪನೆಯ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಂಡು, ಮಾಸನ್ನು ನಾಯಿಗೆಸೆಯದೆ ಸುಣ್ಣ ಹಾಕಿ ಆಳದಲ್ಲಿ ಹೂಳಬೇಕು. ಸ್ಟೀರಾಯ್ಡ್ ತೆಗೆದುಕೊಳ್ಳುವವರು ಆ ಕೆಲಸಕ್ಕೆ ಹೋಗದಿದ್ದರೆ ಇನ್ನೂ ಒಳ್ಳೆಯದು. 2019ರಲ್ಲಿ ಭಾರತ ಸರ್ಕಾರವು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರು, ಎಮ್ಮೆಗರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕುವ ಕಾರ್ಯಕ್ರಮವನ್ನು ಆರಂಭಿಸಿತು. ಆ ಲಸಿಕೆಯು ದನ ಎಮ್ಮೆಗಳ ಸಲುವಾಗಿ ಏರ್ಪಟ್ಟದ್ದು. ಅದನ್ನು ಕೇಳಿ ಆಡು ಕುರಿಗಳ ವಿಷಯದಲ್ಲಿ ನಿಶ್ಚಿಂತರಾಗಬಾರದು.

ಆಡು ಕುರಿಗಳ ಮಾಸಿನಿಂದಲೇ ಬರುವ ಇನ್ನೊಂದು ಜೀವಿ ಕಾಕ್ಸಿಯೆಲ್ಲಾ. ಅದರ ಜ್ವರವನ್ನು 1937ರಲ್ಲಿ ಆಸ್ಟ್ರೇಲಿಯದ ಡೆರಿಕ್ ಎಂಬ ವೈದ್ಯನು ಮೊದಲು ವರ್ಣಿಸಿ ಕ್ಯೂ ಜ್ವರವೆಂದು ಕರೆದನು. ಸಾಮಾನ್ಯ ಸೀಸೆಯಲ್ಲಿ ಅದು ಎಂದಿಗೂ ಬೆಳೆಯದು. ರಕ್ತದಲ್ಲಿ ಪ್ರತಿವಸ್ತುವನ್ನು ನೋಡಿಯೇ ತಿಳಿಯಬೇಕು.

ಇವೆಲ್ಲಕ್ಕಿಂತ ವಿಚಿತ್ರವಾದುದು ವಿಪ್ಪಲ್ ರೋಗದ ಜೀವಿ. ಜಾರ್ಜ್ ವಿಪ್ಪಲ್ ಎಂಬಾತನು ಅಮೆರಿಕದಲ್ಲಿ 1907ರಲ್ಲಿ ಈ ರೋಗವನ್ನು ವರ್ಣಿಸಿದನು. ಜೀವಿಯನ್ನು ಪ್ರಯೋಗಶಾಲೆಯಲ್ಲಿ ಸಾಕಲು ಸಾಧ್ಯವಾದುದು 2000ದಲ್ಲಿ, ಅಂದರೆ ತೊಂಬತ್ತಮೂರು ವರ್ಷದ ಮೇಲೆ! ಈ ರೋಗದಲ್ಲಿ ಹೊಟ್ಟೆಯ ತೊಂದರೆ ತೋರುವುದಕ್ಕೆ ಹಲವು ವರ್ಷ ಮುಂಚೆಯೇ ಬಂದು ಹೋಗುವ ಕೀಲುನೋವು ಮೊದಲಾಗುವುದು. ಸಂಧಿವಾತವೆಂದೇ ತಿಳಿದು ಮದ್ದು ಕೊಡುವರು. ಬಯೊಲಾಜಿಕ್ ಸೂಜಿ ಕೊಟ್ಟ ಮೇಲೆ ಗುಣವಾಗುವ ಬದಲು ಕೆಡುವುದು. ಅಂಥ ಕೆಲವರಲ್ಲಿ ಜ್ವರವೂ ಇಲ್ಲದೆ ಕವಾಟವು ಸದ್ದಿಲ್ಲದೆ ಹಾಳಾಗಿ, ಶಸ್ತ್ರವೈದ್ಯರು ತೆಗೆದ ಕವಾಟವನ್ನು ಪರೀಕ್ಷಿಸಿದಾಗಲೇ ನಿಜವು ಹೊರಬಿದ್ದಿದೆ. ಇದು ಬಹಳ ವಿರಳ. ಆದರೂ ಸಂಧಿವಾತವೆಂಬ ಹೆಸರನ್ನು ಒಂದು ಸಲ ಬರೆದಿಟ್ಟ ಮೇಲೆ ಅದನ್ನು ಮತ್ತೆ ಪರಿಶೀಲಿಸಲೇಬಾರದೆಂಬ ನಿಯಮವಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು.

ಈಗ ಮಾಡತಕ್ಕ ಕೆಲಸ. ಕೀಲುಗಳ ಉರಿಯೂತಕ್ಕೆ ಮದ್ದು ತೆಗೆದುಕೊಳ್ಳುವವರಿಗೆ ಒಂದು ವಾರ ಮೀರಿ ಜ್ವರ ನಿಂತರೆ, ಅಥವಾ ಬಂದು ಬಂದು ಹೋಗುತ್ತಿದ್ದರೆ. ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರಿದರೆ, ಮೈ ಇಳಿದರೆ, ಹೊಸದಾಗಿ ಉಬ್ಬಸ ಬಂದರೆ, ಉಗುರಿನ ಕೆಳಗೆ ಸಣ್ಣ ಗೀರುಗಳಂತೆ ರಕ್ತ ಕಂಡರೆ, ಎಲ್ಲ ಕೀಲುಗಳಿಗಿಂತ ಒಂದೇ ಕೀಲು ಬೇರೆಯಾಗಿ ಕೆಂಪೇರಿ ಊದಿದರೆ, ಜೀವನಿರೋಧಕ ಮದ್ದಿನ ಮೊದಲ ತೊಟ್ಟು ಮೈಗೆ ಹೋಗುವ ಮುಂಚೆ ರಕ್ತವನ್ನು ಸಾಕಲು ಕೊಡಬೇಕು. ನಾಲಗೆ ತೊದಲಿದರೆ, ಕೈಕಾಲು ಸೋತರೆ ಕಾಯುವ ಮಾತೇ ಇಲ್ಲ, ಆಗಲೇ ಹೊರಡಬೇಕು. ಒಂದೇ ಸೀಸೆ ಸಾಲದು. ಬೇರೆ ಬೇರೆ ನರಗಳಿಂದ, ಬಿಡುವು ಕೊಟ್ಟು, ಮೂರು ಸಲ ತೆಗೆಯುವುದು ಕ್ರಮ. ಮೂರರಲ್ಲಿಯೂ ಒಂದೇ ಜೀವಿ ಬೆಳೆದರೆ ಅದು ಚರ್ಮದಿಂದ ತಪ್ಪಿ ಬಿದ್ದುದಲ್ಲವೆಂದು ನಿಶ್ಚಯವಾಗುವುದು. ತೀರ ನಿತ್ರಾಣಗೊಂಡಿರುವ ರೋಗಿಯಾದರೆ ಬಿಡುವು ಕೊಡದೆ ರಕ್ತ ತೆಗೆದು ಒಡನೆಯೇ ಮದ್ದು ಕೊಡುವರು. ವಾರಗಟ್ಟಲೆಯಿಂದ ಬಂದಿರುವ ಸಣ್ಣ ಜ್ವರಕ್ಕಾದರೋ, ರಕ್ತ ತೆಗೆಯುವವರೆಗೆ ಅರ್ಧ ದಿನ ಮದ್ದನ್ನು ತಡೆದರೆ ನಷ್ಟಕ್ಕಿಂತ ಲಾಭವೇ ಹೆಚ್ಚು.

ಈ ಸೌಲಭ್ಯಕ್ಕಾಗಿ ನಾಲ್ಕು ಊರಿನವರೂ ಸಾಮಾನ್ಯವಾಗಿ ಬೆಳಗಾವಿಯ ಕಡೆಗೋ ಹುಬ್ಬಳ್ಳಿ ಧಾರವಾಡಗಳ ಕಡೆಗೋ ಹೋಗುವರು. ಕಿತ್ತೂರು ಹೆದ್ದಾರಿಯ ಮೇಲಿದೆ. ಬೈಲಹೊಂಗಲಕ್ಕೆ ಬೆಳಗಾವಿ ಬಹಳ ದೂರವಲ್ಲ. ಸವದತ್ತಿಯವರಿಗೆ ಧಾರವಾಡ ಹತ್ತಿರ. ಎಲ್ಲಕ್ಕಿಂತ ದೂರ ರಾಮದುರ್ಗದವರಿಗೆ. ಅವರೇ ಮೊದಲು ಹೊರಡಬೇಕಾದವರು, ಅವರೇ ಕೊನೆಗೆ ಹೊರಡುವವರು. ಹೊರಡುವಾಗ ಹಳೆಯ ಚೀಟಿಗಳನ್ನೂ, ತಿಂದ ಗುಳಿಗೆಗಳ ಖಾಲಿ ಹಾಳೆಗಳನ್ನೂ ಕಟ್ಟಿಕೊಂಡು ಹೋಗಬೇಕು. ಮದ್ದು ಈಗಾಗಲೇ ಆಗಿದ್ದರೆ ಯಾವುದು, ಎಂದು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಮನೆಯಲ್ಲಿ ಆಡು ಕುರಿಗಳಿವೆಯೆಂಬುದನ್ನು ಕೇಳದಿದ್ದರೂ ತಿಳಿಸಬೇಕು. ಆ ಒಂದು ಮಾತು ಸೀಸೆಯ ಜೊತೆಯ ಚೀಟಿಯಲ್ಲಿ ಬಿದ್ದರೆ ಪ್ರಯೋಗಶಾಲೆಯವರು ಸೀಸೆಯನ್ನು ಐದನೆಯ ದಿನ ಎಸೆಯದೆ ಇನ್ನೂ ಕಾಯುವರು, ಬ್ರುಸೆಲ್ಲಾ ಪರೀಕ್ಷೆಯನ್ನೂ ಮಾಡುವರು. ಅವರ ಕ್ಷೇಮವೂ ಅದರಲ್ಲಿದೆ. ಬ್ರುಸೆಲ್ಲಾ ಪ್ರಯೋಗಶಾಲೆಯ ಕೆಲಸಗಾರರಿಗೇ ಅಂಟುವ ಜೀವಿಗಳಲ್ಲಿ ಮುಂದಿನ ಸಾಲಿನದು.

ಹಲ್ಲಿನ ವಿಷಯದಲ್ಲಿ ಒಂದು ಮಾತು. ಕೈಬೆರಳು ಸೊಟ್ಟಗಾದವರಿಗೆ ಹಲ್ಲುಜ್ಜುವುದೇ ಶ್ರಮ. ವಸಡು ಕೆಟ್ಟು ಅಲ್ಲಿಂದ ಜೀವಿಗಳು ದಿನವೂ ರಕ್ತಕ್ಕೆ ಇಳಿಯುವುವು. ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟರೆ ಹಿಡಿಯಲು ಸುಲಭ. ಹಲ್ಲು ಕೀಳಿಸುವ ಮುಂಚೆ ಮದ್ದು ತೆಗೆದುಕೊಳ್ಳಬೇಕಾದವರು ಕೃತಕ ಕವಾಟವುಳ್ಳವರು, ಮುಂಚೆ ಈ ಸೋಂಕು ಬಂದಿದ್ದವರು, ಹುಟ್ಟಿನಿಂದ ಕೆಲವು ಬಗೆಯ ಹೃದಯದೋಷವಿರುವವರು. ಕೀಲುಬೇನೆಯೊಂದಿದ್ದ ಮಾತ್ರಕ್ಕೆ ಎಲ್ಲರಿಗೂ ಬೇಡ.

ರೋಗವು ನಿಶ್ಚಯವಾದ ಮೇಲೆ ನಾಲ್ಕರಿಂದ ಆರು ವಾರ ನರದ ಮೂಲಕ ಮದ್ದು ಹೋಗಬೇಕು. ಬ್ರುಸೆಲ್ಲಾ ಆದರೆ ಎರಡು ಮೂರು ಮದ್ದುಗಳನ್ನು ಕೂಡಿಸಿ ತಿಂಗಳುಗಟ್ಟಲೆ ಕೊಡುವರು, ಹಲವರಿಗೆ ಕವಾಟವನ್ನೂ ಬದಲಿಸಬೇಕಾಗುವುದು. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಕ್ರಿಯೆಯ ವಿಭಾಗವಿದೆ. ಬಡವರಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಚೀಟಿಯಿಂದ ನೆರವಾಗುವುದುಂಟು, ಅದನ್ನು ಮನೆಯಿಂದ ಹೊರಡುವಾಗಲೇ ತೆಗೆದುಕೊಳ್ಳಬೇಕು. ಎರಡನೆಯ ವಾರಕ್ಕೆ ಜ್ವರ ಬಿಟ್ಟು ಹಸಿವು ಬರುವುದು. “ಇನ್ನೇಕೆ ಆಸ್ಪತ್ರೆ, ಸುಗ್ಗಿ ಬಂತು” ಎಂದು ಎದ್ದುಬರುವ ಮನಸ್ಸಾಗುವುದೂ ಆಗಲೇ. ಕವಾಟದ ಹೆಪ್ಪಿನೊಳಗೆ ಉಳಿದ ಜೀವಿಗಳು ಮದ್ದು ನಿಂತ ದಿನದಿಂದ ಮತ್ತೆ ಏಳುವುವು.

ಈ ಅವಧಿಯಲ್ಲಿ ಕೀಲುಬೇನೆಯ ಮದ್ದು ಏನಾಗಬೇಕೆಂದು ರೋಗಿಗಳು ಕೇಳುವರು. ಮೆಥೊಟ್ರೆಕ್ಸೇಟನ್ನೂ ಬಯೊಲಾಜಿಕ್ ಸೂಜಿಯನ್ನೂ ಸೋಂಕು ಇರುವವರೆಗೆ ವೈದ್ಯರು ನಿಲ್ಲಿಸುವುದು ವಾಡಿಕೆ. ಬಹುಕಾಲದಿಂದ ತಿನ್ನುತ್ತಿರುವ ಸ್ಟೀರಾಯ್ಡನ್ನು ಮಾತ್ರ ಒಮ್ಮೆಗೇ ನಿಲ್ಲಿಸಬಾರದು. ಶರೀರವು ತನ್ನ ಪಾಲಿನದನ್ನು ತಯಾರಿಸುವುದನ್ನು ಮರೆತಿರುವುದರಿಂದ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬಂದೀತು. ಮದ್ದು ನಿಂತ ಆರು ವಾರಗಳಲ್ಲಿ ಬೆರಳುಗಳು ಮತ್ತೆ ಊದಿ ನೋಯುವುವು. ಆ ನೋವಿಗೆ ಬೇರೆ ಶಮನವನ್ನು ಕೇಳಿ ಪಡೆಯಬಹುದು. ಮೆಥೊಟ್ರೆಕ್ಸೇಟನ್ನು ಮರಳಿ ಎಂದು ಆರಂಭಿಸಬೇಕೆಂಬುದನ್ನು ಹೃದಯದ ವೈದ್ಯರೂ ಕೀಲಿನ ವೈದ್ಯರೂ ಒಬ್ಬರೊಡನೊಬ್ಬರು ಮಾತನಾಡಿ ಗೊತ್ತುಮಾಡುವರು. ಹಾಗೆ ಮಾತನಾಡಿರೆಂದು ಇಬ್ಬರನ್ನೂ ಕೇಳಿಕೊಳ್ಳುವ ಹಕ್ಕು ರೋಗಿಯ ಮನೆಯವರಿಗಿದೆ.